ಮರಳಿನ ಲೆಕ್ಕ ಸಾಕು, ಕುಲುಮೆಯ ಮಾತೂ ಬರಲಿ

ಸಂಪಾದಕರೇ, ನಮಸ್ಕಾರ.

ರೇರ್ ಅರ್ಥ್ ಲೋಹಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಬರಹಗಳನ್ನು ಬಿಡದೆ ಓದುತ್ತಿದ್ದೇನೆ. ಖುಷಿಯೂ ಇದೆ, ಸ್ವಲ್ಪ ಸಿಟ್ಟೂ ಇದೆ. ಖುಷಿ ಯಾಕೆಂದರೆ, ಪಿಯುಸಿ ಪುಸ್ತಕದಲ್ಲಿ ಆವರ್ತಕ ಕೋಷ್ಟಕದ ಕೆಳಗೆ ಬೇರೆಯಾಗಿ ಬಿದ್ದಿರುವ ಎರಡು ಸಾಲುಗಳಲ್ಲಿ ಹೆಚ್ಚಾಗಿ ಮೇಲಿನ ಸಾಲಿನಲ್ಲಿರುವ, ಪರೀಕ್ಷೆಗೆ ಬರಲ್ಲ ಅಂತ ಹುಡುಗರು ದಾಟಿಕೊಂಡು ಹೋಗುವ ಲೋಹಗಳು ಕೊನೆಗೂ ಮುಖಪುಟಕ್ಕೆ ಬಂದವು. ಸಿಟ್ಟು ಯಾಕೆಂದರೆ, ಎಲ್ಲ ಬರಹಗಳೂ ಒಂದೇ ದಾರಿ ಹಿಡಿಯುತ್ತವೆ. ಚೀನಾ ರಫ್ತಿಗೆ ಕಡಿವಾಣ ಹಾಕಿತು, ನಮ್ಮ ಕಾರು ಕಂಪನಿಗಳಿಗೆ ಈ ಲೋಹಗಳಿಂದ ಮಾಡುವ ಅಯಸ್ಕಾಂತ ಸಿಗುತ್ತಿಲ್ಲ, ಆದರೆ ಹೆದರಬೇಡಿ, ನಮ್ಮ ಕರಾವಳಿಯ ಮರಳಲ್ಲಿ ಬೇಕಾದಷ್ಟಿದೆ. ಅಲ್ಲಿಗೆ ಮುಗೀತು. ಮರಳಿನಿಂದ ಸೀದಾ ಕಾರಿಗೆ ಜಿಗಿತ. ನಡುವೆ ಇರುವ ಕೆಲಸ ಯಾರಿಗೂ ಕಾಣುವುದಿಲ್ಲ.

ಆ ನಡುವಿನ ಕೆಲಸಕ್ಕೆ ಕೆಮಿಸ್ಟ್ರಿ ಅಂತಾರೆ. ನಾನು ಪಾಠ ಮಾಡುವುದು ಅದನ್ನೇ, ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಒಂದು ವಸ್ತುವನ್ನು ಹಿಡಿದು ಹೇಳುತ್ತೇನೆ. ಸಮೇರಿಯಂ ಸಲ್ಫೈಡ್. ಸಮೇರಿಯಂ ರೇರ್ ಅರ್ಥ್ ಲೋಹಗಳಲ್ಲೊಂದು. ಒಂದು ಪರಮಾಣು ಸಮೇರಿಯಂ, ಒಂದು ಪರಮಾಣು ಗಂಧಕ. ನಾವು ಅಡುಗೆಗೆ ಹಾಕುವ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಹೇಗೆ ಸಾಲಾಗಿ ಕೂತಿರುತ್ತವೋ ಇಲ್ಲೂ ಹಾಗೇ, ಒಂದು ಬಿಟ್ಟು ಒಂದು. ಇದಕ್ಕಿಂತ ಸರಳ ರಚನೆ ಬೇಕಾ? ನೋಡಲು ಕಪ್ಪು. ಅರೆವಾಹಕ, ಅಂದರೆ ವಿದ್ಯುತ್ತನ್ನು ಅರೆಮನಸ್ಸಿನಿಂದ ಹರಿಯಲು ಬಿಡುವಂಥದ್ದು. ಇದನ್ನು ಒತ್ತಿದರೆ, ಸುಮಾರು 6.5 ಕಿಲೋಬಾರ್ ಒತ್ತಡಕ್ಕೆ ಬಂದಾಗ, ಕಪ್ಪು ಹರಳು ಇದ್ದಕ್ಕಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಬಣ್ಣ ಮಾತ್ರವಲ್ಲ, ಗುಣವೂ ಬದಲು. ಲೋಹದ ಹಾಗೆ ವಿದ್ಯುತ್ ಹರಿಸಲು ಶುರು ಮಾಡುತ್ತದೆ. ಹರಳಿನ ಗಾತ್ರ ಸುಮಾರು ಶೇ 13ರಷ್ಟು ಕುಗ್ಗಿಬಿಡುತ್ತದೆ. ರಚನೆ ಮಾತ್ರ ಅದೇ ಉಪ್ಪಿನ ರಚನೆ, ಒಂದು ಪರಮಾಣುವೂ ಜಾಗ ಬಿಟ್ಟು ಕದಲುವುದಿಲ್ಲ, ಎಲ್ಲವೂ ಹತ್ತಿರ ಹತ್ತಿರ ಸರಿಯುತ್ತವೆ ಅಷ್ಟೇ.

6.5 ಕಿಲೋಬಾರ್ ಅಂದರೆ ಎಷ್ಟು ಅಂತ ಕೇಳಬಹುದು. ಜಗತ್ತಿನ ಅತಿ ಆಳದ ಮರಿಯಾನ ಕಂದಕದ ತಳದಲ್ಲಿ ನೀರಿನ ಒತ್ತಡ ಒಂದು ಕಿಲೋಬಾರಿಗಿಂತ ಸ್ವಲ್ಪ ಜಾಸ್ತಿ. ಅದರ ಆರು ಪಟ್ಟು ಅಂದುಕೊಳ್ಳಿ. ಕೇಳಲು ದೊಡ್ಡದು, ಆದರೆ ಲ್ಯಾಬಿನಲ್ಲಿ ಇದು ದೊಡ್ಡ ಒತ್ತಡವೇ ಅಲ್ಲ. ಇಂಥ ಬದಲಾವಣೆ ತೋರಿಸುವ ಬೇರೆ ಎಷ್ಟೋ ವಸ್ತುಗಳಿಗೆ ಇದರ ಹತ್ತಾರು ಪಟ್ಟು ಬೇಕು. ಅಷ್ಟೇ ಯಾಕೆ, ಸಮೇರಿಯಂ ಸಲ್ಫೈಡಿನ ಹರಳಿನ ಮೈಯನ್ನು ಉಜ್ಜುಕಾಗದದಿಂದ ಉಜ್ಜಿದರೂ ಸಾಕು, ಸೂಜಿಯಿಂದ ಗೀಚಿದರೂ ಸಾಕು, ಉಜ್ಜಿದ ಜಾಗ ಹೊನ್ನಿನ ಬಣ್ಣಕ್ಕೆ ತಿರುಗಿ ಹಾಗೇ ನಿಂತುಬಿಡುತ್ತದೆ. ಬಿಸಿ ಮಾಡಿದರೆ ಮತ್ತೆ ಕಪ್ಪು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ವಾಟ್ಸ್‌ಆ್ಯಪ್‌ನಲ್ಲಿ "ಕಪ್ಪು ಪುಡಿ ಒತ್ತಿದರೆ ಚಿನ್ನ" ಅಂತ ಓಡಾಡುತ್ತದೆ. ಇದರಲ್ಲಿ ಚಿನ್ನದ ಒಂದು ಪರಮಾಣುವೂ ಇಲ್ಲ. ಲೋಹದ ಹಾಗೆ ಎಲೆಕ್ಟ್ರಾನುಗಳು ಬಿಡುಗಡೆಯಾದಾಗ ಬೆಳಕಿನ ನೀಲಿ ಭಾಗ ಒಳಗೆ ಹೀರಿಹೋಗಿ, ಹಳದಿ ಕೆಂಪು ಭಾಗ ಹಿಂದಕ್ಕೆ ಬರುತ್ತದೆ, ಕಣ್ಣಿಗೆ ಬಂಗಾರದಂತೆ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹೊಂಬಣ್ಣದ ಡ್ರಿಲ್ ಬಿಟ್ಟಿನ ಮೇಲಿರುವ ಟೈಟೇನಿಯಂ ನೈಟ್ರೈಡ್ ಲೇಪನವೂ ಹೊಳೆಯುವುದು ಇದೇ ರೀತಿಯ ಕಾರಣದಿಂದ. ಅಡವಿಡಲು ಹೋದರೆ ಓಡಿಸುತ್ತಾರೆ.

ಇದು ಹೇಗಾಗುತ್ತದೆ? ಸಮೇರಿಯಂ ಲೋಹ ಸಾಮಾನ್ಯವಾಗಿ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಕಪ್ಪು ಸಲ್ಫೈಡಿನಲ್ಲಿ ಮಾತ್ರ ಎರಡೇ ಕೊಟ್ಟಿರುತ್ತದೆ, ಮೂರನೆಯದನ್ನು ಒಳಗಿನ ಎಫ್ ಕಕ್ಷೆಯಲ್ಲಿ ಇಟ್ಟುಕೊಂಡಿರುತ್ತದೆ. ಎರಡು ಕೊಟ್ಟ ಸಮೇರಿಯಂ ದಪ್ಪ, ಮೂರು ಕೊಟ್ಟದ್ದು ಸಣ್ಣ. ಹೊರಗಿನಿಂದ ಒತ್ತಿದಾಗ, ಸಣ್ಣಗಾದರೆ ಬದುಕು ಸಲೀಸು ಅನ್ನುವ ಸ್ಥಿತಿ ಬರುತ್ತದೆ, ಒಳಗಿದ್ದ ಎಲೆಕ್ಟ್ರಾನ್ ಹೊರಗಿನ ಡಿ ಪಟ್ಟಿಗೆ, ಅಂದರೆ ಹರಳಿನ ತುಂಬ ಓಡಾಡಬಹುದಾದ ಜಾಗಕ್ಕೆ, ಜಿಗಿಯುತ್ತದೆ. ಒಂದು ಪರಮಾಣು ಕುಗ್ಗಿದರೆ ಪಕ್ಕದವರ ಮೇಲೆ ಒತ್ತಡ, ಅವು ಕುಗ್ಗಿದರೆ ಅವುಗಳ ಪಕ್ಕದವರ ಮೇಲೆ. ಮಕ್ಕಳು ಸಾಲಾಗಿ ನಿಲ್ಲಿಸಿದ ಇಟ್ಟಿಗೆ ಬಿದ್ದ ಹಾಗೆ ಇಡೀ ಹರಳು ಒಂದೇ ಏಟಿಗೆ ಬದಲಾಗುತ್ತದೆ. ತಮಾಷೆ ಏನೆಂದರೆ ಹೊನ್ನಿನ ಸ್ಥಿತಿಯಲ್ಲೂ ಸಮೇರಿಯಂ ಪೂರ್ತಿ ಮೂರಕ್ಕೆ ಹೋಗುವುದಿಲ್ಲ. ಎರಡಕ್ಕೂ ಮೂರಕ್ಕೂ ನಡುವೆ, ಮೂರಕ್ಕೆ ಹತ್ತಿರವಾಗಿ ಓಲಾಡುತ್ತಿರುತ್ತದೆ. ಪಿಯುಸಿಯಲ್ಲಿ ವೇಲೆನ್ಸಿ, ಅಂದರೆ ಪರಮಾಣು ಕೊಡುವ ಇಲ್ಲವೇ ಪಡೆಯುವ ಎಲೆಕ್ಟ್ರಾನುಗಳ ಸಂಖ್ಯೆ, ಯಾವಾಗಲೂ ಪೂರ್ಣಾಂಕ ಅಂತ ನಾವು ಕಲಿಸುತ್ತೇವೆ. ಇಲ್ಲಿ ಭಿನ್ನರಾಶಿ! ಇದನ್ನು ಮಿಶ್ರ ವೇಲೆನ್ಸಿ ಅನ್ನುತ್ತಾರೆ, ಇದರ ಬಗ್ಗೆ ಭೌತವಿಜ್ಞಾನಿಗಳ ಜಗಳ ಐವತ್ತು ವರ್ಷ ದಾಟಿದರೂ ನಿಂತಿಲ್ಲ.

ಇದನ್ನು ಕಂಡುಹಿಡಿದದ್ದು ಯಾರು ಅನ್ನುವುದಕ್ಕೆ ನಿಮ್ಮ ಪತ್ರಿಕೆ ಒಂದು ಇಡೀ ಪುಟ ಕೊಟ್ಟರೂ ಜಾಸ್ತಿ ಅನ್ನಿಸುವುದಿಲ್ಲ. 1970ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಒಂದು ಪ್ರಬಂಧ ಹೊರಬಂತು. ಬರೆದವರು ನಾಲ್ಕು ಜನ, ಮೊದಲ ಹೆಸರು ಎ. ಜಯರಾಮನ್, ಎರಡನೆಯದು ವೆಂಕಟೇಶ್ ನಾರಾಯಣಮೂರ್ತಿ, ಜೊತೆಗೆ ಬುಶರ್ ಮತ್ತು ಮೇನ್ಸ್. ನಾರಾಯಣಮೂರ್ತಿಯವರು ಮುಂದೆ ಹಾರ್ವರ್ಡ್‌ನಲ್ಲಿ ಎಂಜಿನಿಯರಿಂಗ್ ಡೀನ್ ಆದರು. ಜಯರಾಮನ್ ಬಂದದ್ದು ಎಲ್ಲಿಂದ ಗೊತ್ತಾ? ನಮ್ಮ ಬೆಂಗಳೂರಿನಿಂದ, ಸಾಕ್ಷಾತ್ ಸಿ.ವಿ. ರಾಮನ್ ಅವರ ಕೈಕೆಳಗಿನಿಂದ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಿಂದ ನಿವೃತ್ತರಾಗಿ ತಮ್ಮದೇ ಸಂಶೋಧನಾ ಸಂಸ್ಥೆ ಶುರು ಮಾಡಿದ ಹೊಸತರಲ್ಲೇ, 1949ರಲ್ಲಿ, ಜಯರಾಮನ್ ಅಲ್ಲಿಗೆ ಸೇರಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಇಬ್ಬರೂ ಸೇರಿ ಲ್ಯಾಬ್ರಡೊರೈಟ್ ಕಲ್ಲು ಯಾಕೆ ನವಿಲುಗರಿಯ ಬಣ್ಣ ತೋರಿಸುತ್ತದೆ, ಓಪಲ್ ಯಾಕೆ ಹೊಳೆಯುತ್ತದೆ ಅಂತ 1950ರ ದಶಕದಲ್ಲಿ ಪ್ರಬಂಧಗಳನ್ನು ಬರೆದರು. ಸದಾಶಿವನಗರದ ಆ ಕ್ಯಾಂಪಸ್ಸಿನಲ್ಲಿ ಬಣ್ಣದ ಕಲ್ಲುಗಳನ್ನು ಹಗಲೂ ರಾತ್ರಿ ದಿಟ್ಟಿಸಿದ ಕಣ್ಣು, ಮುಂದೆ ಒತ್ತಡದಲ್ಲಿ ಬಣ್ಣ ಬದಲಿಸುವ ಹರಳಿನ ಮುಂದೆ ಕೂತಿತು. ಇದು ನನ್ನ ಊಹೆಯ ನಂಟು, ಅವರು ಹಾಗೆ ಹೇಳಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ರಾಮನ್ ಪರಿಣಾಮದ ದಿನ ಬಂದಾಗ ಪ್ರತಿ ವರ್ಷ ಅದೇ ನಾಲ್ಕು ಸಾಲು ಬರೆಯುವ ಬದಲು ಒಂದು ವರ್ಷ ಇವರ ಬಗ್ಗೆ ಬರೆಯಬಹುದಲ್ವಾ?

ಜಯರಾಮನ್ ಅವರಿಗೆ ವಜ್ರಗಳ ನಡುವೆ ವಸ್ತುಗಳನ್ನು ಒತ್ತುವ ಕಲೆ ಚೆನ್ನಾಗಿ ಗೊತ್ತಿತ್ತು. ಎರಡು ಸಣ್ಣ ವಜ್ರಗಳ ತುದಿಯನ್ನು ಚಪ್ಪಟೆಯಾಗಿ ಅರೆದು, ಎದುರುಬದುರು ಇಟ್ಟು, ನಡುವೆ ಚೂರು ವಸ್ತು ಇಟ್ಟು ಸ್ಕ್ರೂ ತಿರುಗಿಸುವುದು. ಬಲ ಸ್ವಲ್ಪವೇ ಆದರೂ ತುದಿ ಅಷ್ಟು ಚಿಕ್ಕದಾಗಿರುವುದರಿಂದ ಒತ್ತಡ ವಿಪರೀತ ಆಗುತ್ತದೆ. ವಜ್ರ ಪಾರದರ್ಶಕ, ಹಾಗಾಗಿ ಒಳಗೆ ಏನಾಗುತ್ತಿದೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತಲೇ ಒತ್ತಬಹುದು. ಈ ಉಪಕರಣದ ಬಗ್ಗೆ ಅವರು 1983ರಲ್ಲಿ ಬರೆದ ಸಮೀಕ್ಷೆಯನ್ನು ಈ ಕ್ಷೇತ್ರದವರು ಇವತ್ತಿಗೂ ತೆಗೆದು ನೋಡುತ್ತಾರೆ.

ಸರಿ, ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ವಸ್ತುವನ್ನು ಮಾಡುವುದು ಹೇಗೆ?

ಕಾಗದದ ಮೇಲೆ ಬಹಳ ಸುಲಭ. ಹತ್ತು ಗ್ರಾಂ ಸಮೇರಿಯಂಗೆ 2.13 ಗ್ರಾಂ ಗಂಧಕ. ಸೇರಿಸು, ಕಾಯಿಸು, ಮುಗೀತು. ನನ್ನ ವಿದ್ಯಾರ್ಥಿಗಳೂ ಹೀಗೇ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ನಿಜವಾಗಿ ಮಾಡಲು ಹೋದಾಗ ಮೊದಲ ಜಗಳ ಗಾಳಿಯ ಜೊತೆ. ಸಮೇರಿಯಂಗೆ ಆಮ್ಲಜನಕದ ಮೇಲೆ ವಿಪರೀತ ಪ್ರೀತಿ. ಗಾಳಿಯಲ್ಲಿ ಕತ್ತರಿಸಿದರೆ ಮೈ ಮೇಲೆ ಆಕ್ಸೈಡ್ ಪೊರೆ ಬರುತ್ತದೆ, ಆ ಪೊರೆ ಇದ್ದರೆ ಕೊನೆಗೆ ಸಲ್ಫೈಡಿನ ಜೊತೆ ಆಮ್ಲಜನಕ, ಗಂಧಕ ಎರಡೂ ಇರುವ ಆಕ್ಸಿಸಲ್ಫೈಡ್ ಕೂಡ ಬೆರೆತು ಕೂರುತ್ತದೆ. ಹಾಗಾಗಿ ಆರ್ಗಾನ್ ಅನಿಲ ತುಂಬಿದ ಗ್ಲೋವ್ ಬಾಕ್ಸ್ ಬೇಕು. ದಪ್ಪ ರಬ್ಬರ್ ಗ್ಲೋವ್ಸ್ ಒಳಗೆ ಕೈ ತೂರಿಸಿಕೊಂಡು, ಒಳಗಿರುವ ತಕ್ಕಡಿಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಲೋಹದ ಚೂರು ತೂಗುವುದು. ಮೂಗು ತುರಿಸಿದರೆ ತುರಿಸಿಕೊಳ್ಳುವ ಹಾಗಿಲ್ಲ.

ಆಮೇಲೆ ಎರಡನ್ನೂ ಕ್ವಾರ್ಟ್ಜ್ ಕೊಳವೆಗೆ ಹಾಕಿ, ಪಂಪಿನಿಂದ ಗಾಳಿ ಪೂರ್ತಿ ಎಳೆದು, ಬೆಂಕಿಯಿಂದ ಕೊಳವೆಯ ಬಾಯಿ ಕರಗಿಸಿ ಮುಚ್ಚುವುದು. ಈಗ ಕುಲುಮೆಗೆ ಇಡಬೇಕು. ಗಂಧಕ 115 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ 445ರ ಹತ್ತಿರ ಕುದಿಯುತ್ತದೆ. ಸಮೇರಿಯಂ ಕರಗಲು 1072 ಡಿಗ್ರಿ ಬೇಕು. ಆತುರ ಮಾಡಿ ಒಮ್ಮೆಲೇ ಕಾವು ಏರಿಸಿದರೆ ಗಂಧಕವೆಲ್ಲ ಆವಿಯಾಗಿ ಕೊಳವೆ ಒಡೆದು ಸಿಡಿಯುತ್ತದೆ. ಅದೂ ಸಾಲದು ಅಂತ ಇವೆರಡೂ ಸೇರುವಾಗ ಬೇಕಾದಷ್ಟು ಶಾಖ ತಾವೇ ಹೊರಬಿಡುತ್ತವೆ. ಆದ್ದರಿಂದ ಮೆಲ್ಲಗೆ, ದಿನಗಟ್ಟಲೆ, ಗಂಧಕ ಲೋಹದೊಳಗೆ ಇಳಿಯುವಷ್ಟು ಪುರುಸೊತ್ತು ಕೊಟ್ಟು ಕಾವು ಏರಿಸಬೇಕು. ಇನ್ನೊಂದು ಕಡೆ, ತೀರಾ ಜಾಸ್ತಿ ಕಾವಿಗೆ ಹೋದರೆ ಸಮೇರಿಯಂ ಆವಿ ಕ್ವಾರ್ಟ್ಜನ್ನೇ ತಿನ್ನಲು ಶುರು ಮಾಡುತ್ತದೆ, ಅದರಲ್ಲಿರುವ ಆಮ್ಲಜನಕಕ್ಕಾಗಿ.

ಇಷ್ಟಾದ ಮೇಲೆ ಸಿಗುವುದು ಪುಡಿ, ಅದೂ ಬೆರಕೆ. ಯಾಕೆಂದರೆ ಸಮೇರಿಯಂ ಮತ್ತು ಗಂಧಕ ಒಂದಕ್ಕೊಂದು ಸೇರುವುದು ಒಂದೇ ಲೆಕ್ಕದಲ್ಲಿ ಅಲ್ಲ. ಎರಡು ಸಮೇರಿಯಂಗೆ ಮೂರು ಗಂಧಕ ಸೇರಿದ ಸಲ್ಫೈಡ್ ಇದೆ, ಮೂರಕ್ಕೆ ನಾಲ್ಕು ಸೇರಿದ್ದೂ ಇದೆ. ನಮಗೆ ಬೇಕಾದದ್ದು ಒಂದಕ್ಕೊಂದು. ಅದಕ್ಕೆ ಆ ಪುಡಿಯನ್ನು ಅರೆದು, ಬಿಲ್ಲೆಯಾಗಿ ಒತ್ತಿ, ಮಾಲಿಬ್ಡಿನಂ ಅಥವಾ ಟಾಂಟಲಂ ಲೋಹದ ಮೂಸೆಯಲ್ಲಿಟ್ಟು, ಮೂಸೆಯ ಮುಚ್ಚಳವನ್ನು ಬೆಸುಗೆ ಹಾಕಿ, 2000 ಡಿಗ್ರಿ ಆಸುಪಾಸಿನವರೆಗೆ ಕಾಯಿಸಿ, ನಿಧಾನಕ್ಕೆ ತಣಿಸಿದರೆ ಹರಳು. ಮುಚ್ಚಳ ಯಾಕೆ ಬೆಸೆಯಬೇಕು? ರೇರ್ ಅರ್ಥ್ ಬಳಗದಲ್ಲಿ ಸಮೇರಿಯಂ ಬೇಗ ಆವಿಯಾಗುವವರಲ್ಲೊಬ್ಬ. ತೆರೆದಿಟ್ಟರೆ ಲೋಹ ಹಾರಿಹೋಗಿ ಲೆಕ್ಕ ತಪ್ಪುತ್ತದೆ. ಲೆಕ್ಕ ಸ್ವಲ್ಪ ತಪ್ಪಿದರೂ ಗುಣ ಬೇರೆ, ಬಣ್ಣ ಬದಲಾಗುವ ಒತ್ತಡವೂ ಬೇರೆ.

ಇನ್ನೊಂದು ದಾರಿಯೂ ಇದೆ. ಮೊದಲು ಸಮೇರಿಯಂ ಆಕ್ಸೈಡ್ ತೆಗೆದುಕೊಂಡು, ಕೊಳವೆ ಕುಲುಮೆಯಲ್ಲಿ ಸಾವಿರ ಡಿಗ್ರಿ ಹತ್ತಿರ ಕಾಯಿಸುತ್ತಾ ಹೈಡ್ರೋಜನ್ ಸಲ್ಫೈಡ್ ಅನಿಲವನ್ನೋ ಕಾರ್ಬನ್ ಡೈಸಲ್ಫೈಡ್ ಆವಿಯನ್ನೋ ಹಾಯಿಸಿದರೆ ಎರಡಕ್ಕೆ ಮೂರರ ಸಲ್ಫೈಡ್ ಬರುತ್ತದೆ. ಅದಕ್ಕೆ ಮತ್ತಷ್ಟು ಸಮೇರಿಯಂ ಲೋಹ ಸೇರಿಸಿ ಮೂಸೆಯಲ್ಲಿ ಕಾಯಿಸಿದರೆ ಒಂದಕ್ಕೊಂದು. ಹೈಡ್ರೋಜನ್ ಸಲ್ಫೈಡ್ ಅಂದರೆ ಕಾಲೇಜಿನ ಲ್ಯಾಬಿನಲ್ಲಿ ಕಿಪ್ಸ್ ಉಪಕರಣದಿಂದ ಬರುತ್ತಿದ್ದ ಅದೇ ಕೊಳೆತ ಮೊಟ್ಟೆ ವಾಸನೆಯ ಅನಿಲ. ಸಾಲ್ಟ್ ಅನಾಲಿಸಿಸ್ ಮಾಡಿದವರಿಗೆ ನೆನಪಿರುತ್ತದೆ, ಮನೆಗೆ ಹೋದರೂ ಬಟ್ಟೆಯಲ್ಲಿ ವಾಸನೆ ಇರುತ್ತಿತ್ತು.

ಮಾಡಿದ್ದು ಸರಿಯಾಗಿದೆಯಾ ಅಂತ ನೋಡಲು ಎಕ್ಸ್-ರೇ ಹಾಯಿಸಿ ಹರಳಿನೊಳಗಿನ ಅಂತರ ಅಳೆಯುತ್ತಾರೆ. ಕಪ್ಪು ಸ್ಥಿತಿಯಲ್ಲಿ ಅದು 5.97 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು), ಹೊನ್ನಿನ ಸ್ಥಿತಿಯಲ್ಲಿ 5.7ರ ಸುತ್ತ. ಇಲ್ಲೂ ಒಂದು ಕಿರಿಕಿರಿ. ಎಕ್ಸ್-ರೇಗೆ ಪುಡಿ ಬೇಕು ಅಂತ ಖಲ್ಬತ್ತಿನಲ್ಲಿ ಜೋರಾಗಿ ಅರೆದರೆ, ಆ ಅರೆಯುವ ಒತ್ತಡಕ್ಕೇ ಒಂದಷ್ಟು ಕಣಗಳು ಬದಲಾಗಿಬಿಡುತ್ತವೆ. ಅಳೆಯಲು ಹೋದವನೇ ವಸ್ತುವನ್ನು ಕೆಡಿಸಿದ ಹಾಗಾಗುತ್ತದೆ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಇದು ಗ್ರಾಂ ಲೆಕ್ಕದ ಮಾತು. ಆ ಹತ್ತು ಗ್ರಾಂ ಸಮೇರಿಯಂ ಕೈಗೆ ಬರುವ ಮೊದಲು ನಡೆದ ಕಥೆಯೇ ಬೇರೆ ಇದೆ. ನಮ್ಮ ರೇರ್ ಅರ್ಥ್ ಹೆಚ್ಚಾಗಿ ಇರುವುದು ಮೋನಜೈಟ್ ಅನ್ನುವ ಮರಳಿನಲ್ಲಿ, ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಕರಾವಳಿಯಲ್ಲಿ. 1909ರಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಇದನ್ನು ಗುರುತಿಸಿದ. ಆಗ ಬೇಕಾಗಿದ್ದದ್ದು ಗ್ಯಾಸ್ ಲೈಟಿನ ಮ್ಯಾಂಟಲ್‌ಗೆ ಥೋರಿಯಂ. ಅದೇ ಥೋರಿಯಂ ಪರಮಾಣು ಇಂಧನಕ್ಕೂ ಆಗುತ್ತದೆ, ಆ ಕಾರಣಕ್ಕೆ ಇವತ್ತು ಮೋನಜೈಟ್ ಸರ್ಕಾರದ ಪರಮಾಣು ಇಂಧನದ ನಿಯಮಗಳ ಹಿಡಿತದಲ್ಲಿದೆ, ಯಾರು ಬೇಕಾದರೂ ತೋಡುವ ಹಾಗಿಲ್ಲ. ಆ ಮರಳನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಥೋರಿಯಂ ಬೇರೆ ಮಾಡಿ, ಉಳಿದ ಲೋಹಗಳನ್ನು ಒಂದರಿಂದೊಂದು ಬಿಡಿಸಬೇಕು. ಬಿಡಿಸುವುದೇ ನರಕ. ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ, ಸಮೇರಿಯಂ ಎಲ್ಲವೂ ರಾಸಾಯನಿಕವಾಗಿ ಒಂದೇ ತಾಯಿ ಮಕ್ಕಳು. ಆಮ್ಲದ ನೀರಿನಿಂದ ಎಣ್ಣೆಯಂಥ ದ್ರಾವಕಕ್ಕೆ, ಅಲ್ಲಿಂದ ಮತ್ತೆ ನೀರಿಗೆ, ಹೀಗೆ ತೊಟ್ಟಿಯಿಂದ ತೊಟ್ಟಿಗೆ ನೂರಾರು ಸಲ ಹಾಯಿಸಿದ ಮೇಲೆ ಒಂದೊಂದೇ ಬೇರೆಯಾಗುತ್ತದೆ. ಮೋನಜೈಟಿನ ರೇರ್ ಅರ್ಥ್‌ನಲ್ಲಿ ಸಮೇರಿಯಂ ಪಾಲು ಶೇಕಡಾ ಎರಡು ಮೂರು ಅಷ್ಟೇ, ಸಿಂಹಪಾಲು ಸೀರಿಯಂದು.

ಆಮೇಲೂ ಸಿಗುವುದು ಆಕ್ಸೈಡ್, ಲೋಹ ಅಲ್ಲ. ಲೋಹ ಬೇಕಾದರೆ ಸಮೇರಿಯಂ ಆಕ್ಸೈಡನ್ನು ಲ್ಯಾಂಥನಂ ಲೋಹದ ಜೊತೆ ನಿರ್ವಾತದಲ್ಲಿ ಕಾಯಿಸುತ್ತಾರೆ. ಲ್ಯಾಂಥನಂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಸಮೇರಿಯಂ ಆವಿಯಾಗಿ ಮೇಲೆದ್ದು ತಣ್ಣನೆಯ ಭಾಗದಲ್ಲಿ ಕೂರುತ್ತದೆ. ಸಲ್ಫೈಡ್ ಮಾಡುವಾಗ ನಮ್ಮನ್ನು ಗೋಳು ಹುಯ್ದುಕೊಳ್ಳುವ ಆ ಆವಿಯಾಗುವ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ನನಗೆ ಈ ಕಸುಬಿನಲ್ಲಿ ತುಂಬಾ ಇಷ್ಟವಾದ ಜಾಗ ಇದು.

2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಏಳು ಲೋಹಗಳಲ್ಲಿ ಸಮೇರಿಯಂ ಕೂಡ ಇತ್ತು. ನಿಮ್ಮ ಬರಹಗಳಲ್ಲಿ ಅದರ ಹೆಸರು ಪಟ್ಟಿಯಲ್ಲಿ ಬಂದು ಹೋಯಿತು, ಅಷ್ಟೇ. ಆಮೇಲೆ ಕೇಂದ್ರ ಸರ್ಕಾರ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿ ಯೋಜನೆ ಘೋಷಿಸಿತು. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ರೇರ್ ಅರ್ಥ್ ಅಂದರೆ ಅಯಸ್ಕಾಂತ ಮಾತ್ರ ಅನ್ನುವ ಲೆಕ್ಕ ಸರಿಯಲ್ಲ. ಅಯಸ್ಕಾಂತಕ್ಕೆ ಬೇಕಾದದ್ದು ನಿಯೋಡಿಮಿಯಂ, ಡಿಸ್ಪ್ರೋಸಿಯಂ, ಸ್ವಲ್ಪ ಸಮೇರಿಯಂ. ಮರಳಿನಲ್ಲಿ ಜಾಸ್ತಿ ಇರುವ ಸೀರಿಯಂ ಏನು ಮಾಡುತ್ತೀರಿ? ನಿಯೋಡಿಮಿಯಂ ತೆಗೆಯಲು ಹೋದರೆ ಸೀರಿಯಂ ಬೇಡವೆಂದರೂ ರಾಶಿ ಬೀಳುತ್ತದೆ. ಭೂಮಿಯ ತೊಗಟೆಯಲ್ಲಿ ಅದು ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ.

ಸೀರಿಯಂ ಸಲ್ಫೈಡುಗಳ ಕಥೆಯೂ ಸ್ವಾರಸ್ಯವಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಬಾಂಬಿಗಾಗಿ ಪ್ಲುಟೋನಿಯಂ ತಯಾರಿಸಲು ಹೊರಟಾಗ ಅದು ಯಾವ ಕಾವಿಗೆ ಕರಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಕರಗಿಸಿದರೆ ಯಾವ ಮೂಸೆ ತಡೆಯುತ್ತದೆ ಅಂತಲೂ ಗೊತ್ತಿರಲಿಲ್ಲ. ಬರ್ಕ್ಲಿಯಲ್ಲಿ ಲಿಯೋ ಬ್ರೂವರ್ ಮತ್ತು ಜೊತೆಗಾರರು ಲೆಕ್ಕ ಹಾಕಿ, ಆಕ್ಸೈಡ್ ಬೇಡ, ಸೀರಿಯಂ ಸಲ್ಫೈಡ್ ನೋಡೋಣ ಅಂದರು. ಒಂದಕ್ಕೊಂದು ಸೇರಿದ ಸೀರಿಯಂ ಸಲ್ಫೈಡ್ ಹಿತ್ತಾಳೆ ಬಣ್ಣದ್ದು, ಕರಗಲು 2400 ಡಿಗ್ರಿ ದಾಟಬೇಕು. ಅದರಿಂದ ಮೂಸೆ ಮಾಡಿದರು. ಕೊನೆಗೆ ನೋಡಿದರೆ ಪ್ಲುಟೋನಿಯಂ 640 ಡಿಗ್ರಿಗೇ ಕರಗುತ್ತಿತ್ತು! ಅಷ್ಟೊಂದು ಗಟ್ಟಿ ಮೂಸೆಯ ಅಗತ್ಯವೇ ಇರಲಿಲ್ಲ. ಆದರೆ ಆ ಕೆಲಸದಿಂದ ಒಂದು ಹೊಸ ಬಗೆಯ ವಸ್ತುಗಳ ಬಗ್ಗೆ ಜ್ಞಾನ ಉಳಿಯಿತು, ಯುದ್ಧ ಮುಗಿದ ಮೇಲೆ 1950ರಲ್ಲಿ ಪ್ರಕಟವೂ ಆಯಿತು.

ಎರಡಕ್ಕೆ ಮೂರು ಸೇರಿದ ಸೀರಿಯಂ ಸಲ್ಫೈಡ್ ಇನ್ನೂ ಹತ್ತಿರದ್ದು. ಅದರ ಗಾಮಾ ರೂಪ ಒಳ್ಳೆ ಕೆಂಪು. ಪ್ಲಾಸ್ಟಿಕ್ಕಿಗೆ ಕೆಂಪು ಬಣ್ಣ ಹಾಕಲು ಹಿಂದಿನಿಂದ ಬಳಸುತ್ತಿದ್ದದ್ದು ಕ್ಯಾಡ್ಮಿಯಂ, ಅದು ವಿಷ. ಅದರ ಬದಲಿಗೆ ಇದನ್ನು ಹಾಕಬಹುದು ಅಂತ 1990ರ ದಶಕದಲ್ಲಿ ಫ್ರಾನ್ಸಿನ ರೋನ್-ಪೂಲೆಂಕ್ ಕಂಪನಿ ಕೆಲಸ ಮಾಡಿ ಮಾರುಕಟ್ಟೆಗೂ ತಂತು. ಕಷ್ಟ ಏನಿತ್ತೆಂದರೆ, ಆ ಕೆಂಪು ರೂಪ ಬರಲು ಸಾವಿರ ಡಿಗ್ರಿ ದಾಟಿದ ಕಾವು ಬೇಕು, ಅಷ್ಟು ಕಾಯಿಸಿದರೆ ಕಣಗಳು ಅಂಟಿಕೊಂಡು ದಪ್ಪಗಾಗುತ್ತವೆ, ಬಣ್ಣಕ್ಕೆ ಬೇಕಾದ ನುಣುಪು ಹೋಗುತ್ತದೆ. ಸ್ವಲ್ಪ ಸೋಡಿಯಂ ಬೆರೆಸಿದರೆ ಕಡಿಮೆ ಕಾವಿಗೇ ಕೆಂಪು ರೂಪ ನಿಲ್ಲುತ್ತದೆ ಅನ್ನುವುದು ಅಲ್ಲಿಯ ಉಪಾಯ. ಇದಕ್ಕೂ ದೋಷ ಇದೆ. ಆಮ್ಲ ತಗುಲಿದರೆ ಕೊಳೆತ ಮೊಟ್ಟೆ ವಾಸನೆ ಬಿಡುತ್ತದೆ, ಗಾಳಿಯಲ್ಲಿ ಜಾಸ್ತಿ ಕಾಯಿಸಿದರೆ ಸುಟ್ಟು ಬಣ್ಣ ಹೋಗುತ್ತದೆ. ಕ್ಯಾಡ್ಮಿಯಂನಷ್ಟು ಅಗ್ಗವೂ ಅಲ್ಲ. ಆದರೂ ನಮ್ಮಲ್ಲಿ ರಾಶಿ ಬೀಳುವ ಸೀರಿಯಂಗೆ ಇದೂ ಒಂದು ದಾರಿ ಅಲ್ವಾ ಅಂತ ಯಾವ ವರದಿಗಾರರೂ ಕೇಳಲಿಲ್ಲ.

ಇನ್ನು ಆಕ್ಸಿಸಲ್ಫೈಡ್. ಸಮೇರಿಯಂ ಸಲ್ಫೈಡ್ ಮಾಡುವವನಿಗೆ ಅದು ಕಸ ಅಂತ ಮೇಲೆ ಹೇಳಿದೆ. ಆದರೆ ಯಿಟ್ರಿಯಂ ಆಕ್ಸಿಸಲ್ಫೈಡಿಗೆ ಚೂರು ಯೂರೋಪಿಯಂ ಬೆರೆಸಿದ್ದೇ ಹಳೇ ಡಬ್ಬಾ ಕಲರ್ ಟಿವಿಯ ಪರದೆಯಲ್ಲಿ ಕೆಂಪು ಹೊಳೆಯುತ್ತಿದ್ದದ್ದು. ಉದಯ ಟಿವಿಯಲ್ಲಿ ಸಿನಿಮಾ ನೋಡಿ ಬೆಳೆದವರೆಲ್ಲ ರೇರ್ ಅರ್ಥ್‌ನ ಗಂಧಕದ ಸಂಯುಕ್ತವನ್ನು ಗಂಟೆಗಟ್ಟಲೆ ದಿಟ್ಟಿಸಿದವರೇ. ಗ್ಯಾಡೋಲಿನಿಯಂ ಆಕ್ಸಿಸಲ್ಫೈಡಿಗೆ ಟರ್ಬಿಯಂ ಬೆರೆಸಿದರೆ ಎಕ್ಸ್-ರೇ ಬಿದ್ದಾಗ ಹಸಿರು ಬೆಳಕು ಬಿಡುತ್ತದೆ, ಆಸ್ಪತ್ರೆಯಲ್ಲಿ ಫಿಲಂ ಪಕ್ಕ ಈ ಪರದೆ ಇಟ್ಟರೆ ರೋಗಿಗೆ ಕಡಿಮೆ ಎಕ್ಸ್-ರೇ ಸಾಕಾಗುತ್ತದೆ. ಹೀಗೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಇದ್ದ ವಸ್ತುಗಳನ್ನು ಬಿಟ್ಟು ಬರೀ ಕಾರಿನ ಮೋಟರ್ ಬಗ್ಗೆ ಬರೆದರೆ ಓದುಗನಿಗೆ ಅರ್ಧ ಕಥೆ.

ಸಮೇರಿಯಂ ಸಲ್ಫೈಡಿನಿಂದ ಏನು ಉಪಯೋಗ ಅಂತ ಕೇಳುವವರು ಇದ್ದೇ ಇರುತ್ತಾರೆ. 1970ರ ದಶಕದಲ್ಲಿ ಇದರ ಹೊನ್ನಿನ ಪೊರೆಯ ಮೇಲೆ ಲೇಸರ್ ಹಾಯಿಸಿ ಕಪ್ಪು ಚುಕ್ಕೆ ಮಾಡಿ ಮಾಹಿತಿ ಬರೆದಿಡಬಹುದಾ ಅಂತ ನೋಡಿದರು. ಅದು ಅಂಗಡಿಗೆ ಬರಲಿಲ್ಲ. ರಷ್ಯಾದವರು, ಲೆನಿನ್‌ಗ್ರಾಡಿನ ಇಯೋಫೆ ಸಂಸ್ಥೆಯ ಕಡೆಯವರು, ಇದರ ತೆಳು ಪೊರೆಯಿಂದ ಒತ್ತಡ ಮತ್ತು ಎಳೆತ ಅಳೆಯುವ ಗೇಜ್‌ಗಳನ್ನು ಮಾಡಿದರು. ಮಾಮೂಲಿ ಲೋಹದ ಸ್ಟ್ರೇನ್ ಗೇಜ್‌ನ ಸೂಕ್ಷ್ಮತೆ 2ರ ಸುತ್ತ ಇದ್ದರೆ ಇದರದ್ದು ಅದರ ಹತ್ತಾರು ಪಟ್ಟು. ಸಮೇರಿಯಂ ಜಾಗದಲ್ಲಿ ಶೇ 15ರ ಆಸುಪಾಸು ಗ್ಯಾಡೋಲಿನಿಯಂ ಸೇರಿಸಿದರೆ ಹೊರಗಿನ ಒತ್ತಡವೇ ಬೇಡ, ಹರಳು ಹುಟ್ಟುತ್ತಲೇ ಹೊಂಬಣ್ಣ. ಅದನ್ನು ತಣಿಸುತ್ತಾ ಹೋದರೆ ಒಂದು ಹಂತದಲ್ಲಿ ಕಪ್ಪಿಗೆ ತಿರುಗುತ್ತಾ ಹಿಗ್ಗಿ ಸಿಡಿದು ಪುಡಿಯಾಗುತ್ತದೆ. ಇದನ್ನೂ ತೋರಿಸಿದವರು ಜಯರಾಮನ್ ತಂಡದವರೇ, 1973ರಲ್ಲಿ. ಈಚೆಗೆ 2019ರ ಸುಮಾರಿಗೆ ಜಪಾನಿನವರು ಯಿಟ್ರಿಯಂ ಬೆರೆಸಿದ ಸಮೇರಿಯಂ ಸಲ್ಫೈಡ್ ತಣಿಸಿದಾಗ ಹಿಗ್ಗುತ್ತದೆ, ಕಾಯಿಸಿದಾಗ ಕುಗ್ಗುತ್ತದೆ, ಅದೂ ತುಂಬಾ ಜಾಸ್ತಿ ಪ್ರಮಾಣದಲ್ಲಿ ಅಂತ ತೋರಿಸಿದರು. ಹೆಚ್ಚುಕಡಿಮೆ ಎಲ್ಲ ವಸ್ತುವೂ ಕಾಯಿಸಿದರೆ ಹಿಗ್ಗುವ ಲೋಕದಲ್ಲಿ ಇಂಥದ್ದನ್ನು ಬೆರೆಸಿ, ಕಾವು ಬದಲಾದರೂ ಅಳತೆ ಬದಲಾಗದ ಯಂತ್ರದ ಭಾಗ ಮಾಡಬಹುದು. 1970ರಲ್ಲಿ ಕುತೂಹಲಕ್ಕೆ ಒತ್ತಿ ನೋಡಿದ್ದು ಐವತ್ತು ವರ್ಷದ ಮೇಲೆ ಎಂಜಿನಿಯರ್ ಮೇಜಿಗೆ ಬಂತು ನೋಡಿ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಈ ವಿಷಯ ಬರೆಯುವಾಗ ಎಷ್ಟು ಲಕ್ಷ ಟನ್ ಮರಳಿದೆ ಅನ್ನುವ ಜೊತೆಗೆ, ಅದನ್ನು ಬಿಡಿಸುವ ತೊಟ್ಟಿಗಳು ಎಷ್ಟಿವೆ, ಲೋಹ ಮಾಡುವವರು ಯಾರು, ಅದರ ಸಂಯುಕ್ತಗಳ ಮೇಲೆ ನಮ್ಮಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಅಂತಲೂ ವಿಚಾರಿಸಿ. ದೂರ ಹೋಗುವುದು ಬೇಡ. ಸಿ.ಎನ್.ಆರ್. ರಾವ್ ಅವರು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1976ರಲ್ಲಿ ಘನವಸ್ತು ರಸಾಯನಶಾಸ್ತ್ರಕ್ಕೆ ಒಂದು ಘಟಕ ಕಟ್ಟಿದರು, ಆಮೇಲೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ ಕಟ್ಟಿದರು. ನಿಮ್ಮ ಕಚೇರಿಯಿಂದ ಎರಡೂ ಕಡೆಗೆ ಬಸ್ಸಿದೆ. ಅಲ್ಲಿ ಕ್ವಾರ್ಟ್ಜ್ ಕೊಳವೆ ಮುಚ್ಚುವ ಹುಡುಗ ಹುಡುಗಿಯರನ್ನು ಮಾತಾಡಿಸಿ, ಕಂಪನಿ ವಕ್ತಾರರಿಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನೊಂದು ವಿಷಯ, ದಯವಿಟ್ಟು ಇದನ್ನು ಕತ್ತರಿಸಬೇಡಿ. ಈ ಪತ್ರ ಓದಿ ಯಾರಾದರೂ ಉತ್ಸಾಹಿ ವಿದ್ಯಾರ್ಥಿ ಗಂಧಕ ಮತ್ತು ಯಾವುದಾದರೂ ಲೋಹದ ಪುಡಿ ತಂದು ಮನೆಯಲ್ಲಿ ಕಾಯಿಸಲು ಹೊರಟರೆ, ಬೇಡ. ಮುಚ್ಚಿದ ಕೊಳವೆ ಸಿಡಿದರೆ ಕಣ್ಣು ಹೋಗುತ್ತದೆ. ಸಲ್ಫೈಡಿಗೆ ಆಮ್ಲ ಸೋಕಿದರೆ ಬರುವ ಹೈಡ್ರೋಜನ್ ಸಲ್ಫೈಡ್ ಮೊದಲು ಗಬ್ಬು ನಾರುತ್ತದೆ, ಪ್ರಮಾಣ ಜಾಸ್ತಿಯಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸಿಬಿಡುತ್ತದೆ. ವಾಸನೆ ಹೋಯಿತು, ಸದ್ಯ ಬಚಾವಾದೆ ಅಂದುಕೊಂಡವರು ಅಲ್ಲೇ ಬಿದ್ದು ಸತ್ತ ಘಟನೆಗಳಿವೆ. ವಿಷಾನಿಲ ಹೊರಗೆಳೆಯುವ ಫ್ಯೂಮ್ ಹುಡ್ ಇರುವ ಲ್ಯಾಬಿನಲ್ಲಿ, ಗೊತ್ತಿರುವವರು ಪಕ್ಕದಲ್ಲಿ ನಿಂತಿರುವಾಗ ಮಾತ್ರ ಮಾಡಿ.

ಇಂತಿ,
ಒಬ್ಬ ಕೆಮಿಸ್ಟ್ರಿ ಮೇಷ್ಟ್ರು, ತುಮಕೂರು